ಕಾಡೇಕಾಂತವೆಂಬ ಅರಿಸಮಾಸ

ಕಾಶಿವಾ, ಜಪಾನ್
೮ ಸೆಪ್ಟೆಂಬರ್ ೨೦೨೪

ನಂಜುಂಡಸ್ವಾಮಿ ಸರ್ ಅವರಿಗೆ,

ಕವರಿನ ಹಿಂದಿನ ಹೆಸರು ನೋಡಿ ನೀವು ಇದನ್ನು ಒಡೆಯದೆ ಇಟ್ಟುಬಿಡಬಹುದು. ಒಡೆದಿದ್ದರೆ ನಮಸ್ಕಾರ. ಒಡೆಯದಿದ್ದರೂ ನಮಸ್ಕಾರ.

ನಾನು ಅಹಲ್ಯಾ. ೨೦೧೫ರ ಆಗಸ್ಟಿನಲ್ಲಿ ಮೈಸೂರಿನ ನಿಮ್ಮ ಕೊಠಡಿಯಿಂದ ಎದ್ದು ಹೋದವಳು, ಆಮೇಲೆ ಆ ಕಡೆ ತಲೆ ಹಾಕದವಳು. ಜರ್ಮನರು ತಮ್ಮ ಕಾಡು, ಬೆಟ್ಟ, ನದಿಗಳ ಮುಂದೆ ನಿಂತು 'ನಾನು ಯಾರು' ಎಂಬುದನ್ನು ಹೇಗೆ ಕಂಡುಕೊಂಡರು ಎಂಬ ವಿಷಯಕ್ಕೆ ಪಿಎಚ್.ಡಿ. ಮಾಡಲು ಬಂದು, ಮೂರು ಅಧ್ಯಾಯ ಮುಗಿಸಿ, ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟವಳು. ಈಗ ಟೋಕಿಯೋ ಪಕ್ಕದ ಕಾಶಿವಾದಲ್ಲಿದ್ದೇನೆ. ಗಂಡ ಶ್ರೀಪಾದ ಇಲ್ಲಿನ ಕ್ಯಾಂಪಸ್ಸಿನಲ್ಲಿ ಸಂಶೋಧಕ. ಮಗಳು ಇಂದುವಿಗೆ ಹತ್ತು ವರ್ಷ. ನನಗೆ ನಲವತ್ತೊಂದು, ಕೆಲಸ ಮನೆವಾರ್ತೆ.

ವಿಷಯಕ್ಕೆ ಬರುತ್ತೇನೆ. ನೋಂದಣಿ ತೀರಿಹೋದವರಿಗೆ ವಿಶ್ವವಿದ್ಯಾಲಯ ಕೊನೆಯದಾಗಿ ಒಂದು ಅವಕಾಶ ಕೊಟ್ಟಿದೆ. ಬರುವ ಏಪ್ರಿಲ್ ಮೂವತ್ತರೊಳಗೆ ಪ್ರಬಂಧ ಸಲ್ಲಿಸಬೇಕು. ಮೊದಲಿದ್ದ ಮಾರ್ಗದರ್ಶಕರು ನಿವೃತ್ತರಾಗಿದ್ದರೂ ಅವರದೇ ಒಪ್ಪಿಗೆ ಪತ್ರ ಬೇಕಂತೆ. ಇದು ತಪ್ಪಿದರೆ ಇನ್ನು ಎಂದಿಗೂ ಇಲ್ಲ. ನಿಮ್ಮ ಸಹಿ ಕೇಳಲು ನನಗೆ ಯಾವ ಮುಖವೂ ಇಲ್ಲ, ಆದರೂ ಕೇಳುತ್ತಿದ್ದೇನೆ.

ಉತ್ತರ ಬಂದರೂ ಬರದಿದ್ದರೂ ನಿಮ್ಮ ವಿದ್ಯಾರ್ಥಿನಿಯೇ ಆದ,
ಅಹಲ್ಯಾ


ಮೈಸೂರು
೨೮ ಸೆಪ್ಟೆಂಬರ್ ೨೦೨೪

ಅಹಲ್ಯಾ,

ಒಡೆದೆ.

ನೀನು ಮೊದಲು ವಾಟ್ಸಾಪಿನಲ್ಲಿ ಕಳಿಸಿದ್ದೂ ಬಂದಿತ್ತು. ಅದರಲ್ಲಿ ಕೈಮುಗಿಯುವ ಚಿತ್ರ ಮೂರು ಇದ್ದವು. ಒಂಬತ್ತು ವರ್ಷ ಮಾತು ಬಿಟ್ಟವಳು ಬೊಂಬೆಯ ಕೈಯಲ್ಲಿ ನಮಸ್ಕಾರ ಹೇಳಿಸಿದರೆ ನಾನು ಉತ್ತರ ಕೊಡುವವನಲ್ಲ. ಕಾಗದದಲ್ಲಿ ಬರೆದೆ, ಸರಿ.

ಸಹಿ ಬೇಕು ಅಂದರೆ ಇಲ್ಲ. ನಾಲ್ಕನೆಯ ಅಧ್ಯಾಯ ಬರೆದು ಕಳಿಸು, ಓದುತ್ತೇನೆ. ಓದಿದ ಮೇಲೆ ಸಹಿಯ ಮಾತು. ನಿನ್ನ ಹಳೆಯ ಕರಡು ನನ್ನ ಬೀರುವಿನಲ್ಲಿದೆ. ನಿನ್ನೆ ತೆಗೆದು ನೋಡಿದೆ. ಜರ್ಮನ್ನಿನ 'ವಾಲ್ಡ್‌ಐನ್‌ಜಾಮ್‌ಕೈಟ್' ಎಂಬ ಪದಕ್ಕೆ, ಅಂದರೆ ಕಾಡಿನ ನಡುವೆ ಒಬ್ಬನೇ ಇರುವಾಗ ಮನಸ್ಸಿಗೆ ಆಗುವ ಆ ಸ್ಥಿತಿಗೆ, ನೀನು 'ಕಾಡೇಕಾಂತ' ಎಂದು ಬರೆದಿದ್ದೀಯ. ಹನ್ನೊಂದು ಕಡೆ. ಕಾಡು ಅಚ್ಚಗನ್ನಡ, ಏಕಾಂತ ಸಂಸ್ಕೃತ. ಎರಡಕ್ಕೂ ಗಂಟು ಹಾಕಿದರೆ ಅರಿಸಮಾಸ. ಹೈಸ್ಕೂಲು ಮಕ್ಕಳಿಗೂ ಗೊತ್ತಿರುವ ತಪ್ಪು. ಹನ್ನೊಂದು ಕಡೆಯೂ ಕೆಂಪು ಶಾಯಿಯಲ್ಲಿ ಹೊಡೆದು 'ವನೈಕಾಂತ' ಎಂದು ನಾನು ತಿದ್ದಿದ್ದೇನೆ. ಆ ಶಾಯಿ ಇನ್ನೂ ಮಾಸಿಲ್ಲ. ಮೊದಲು ಅದನ್ನು ಸರಿಮಾಡು.

ಕಾಮಾಕ್ಷಿ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳುತ್ತಿದ್ದಾಳೆ. ಬರೆದಿದ್ದೇನೆ.

ನಂ.


ಕಾಶಿವಾ
೧೯ ಅಕ್ಟೋಬರ್ ೨೦೨೪

ಸರ್,

ನಿಮ್ಮ ಕಾಗದ ಓದಿ ಮೊದಲು ಖುಷಿಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇಳಿಯಲಿ ಎಂದು ಒಂದು ವಾರ ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಎದ್ದು ಹೋದದ್ದು ಅರಿಸಮಾಸಕ್ಕಲ್ಲ. ನೀವು ಮರೆತಿರಬಹುದು, ನಾನು ಮರೆತಿಲ್ಲ. ಉಳಿದ ಮೂವರು ಸಂಶೋಧನಾ ವಿದ್ಯಾರ್ಥಿಗಳ ಮುಂದೆ ನನ್ನ ಕರಡನ್ನು ಮೇಜಿನ ಮೇಲೆ ಎಸೆದು ಹೇಳಿದಿರಿ: "ಹುಟ್ಟಿದಾಗಿಂದ ಒಂದು ಗಂಟೆ ಒಬ್ಬಳೇ ಇದ್ದವಳಲ್ಲ ನೀನು. ಏಕಾಂತದ ಮೇಲೆ ಅಧ್ಯಾಯ ಬರೀತೀಯೇನಮ್ಮ? ಅಡುಗೆಮನೆ ಬಗ್ಗೆ ಬರಿ, ಚೆನ್ನಾಗಿ ಬರೀತೀಯ." ಮೂವರೂ ನಕ್ಕರು. ಇಂದು ಆಗ ಒಂದು ವರ್ಷದ ಕೂಸು. ಅವಳನ್ನು ಅಮ್ಮನ ಹತ್ತಿರ ಬಿಟ್ಟು ಎರಡು ಬಸ್ಸು ಬದಲಾಯಿಸಿ ಬಂದಿದ್ದೆ.

ನೀವು ಹೇಳಿದ್ದು ನಿಜ. ನಿಜವಾದ್ದರಿಂದಲೇ ಅಷ್ಟು ಉರಿಯಿತು. ಹನ್ನೊಂದು ಜನರ ಮನೆಯಲ್ಲಿ ಬೆಳೆದೆ. ಹಾಸ್ಟೆಲ್ಲಿನಲ್ಲಿ ಒಂದು ಕೋಣೆಗೆ ನಾಲ್ವರು. ಆಮೇಲೆ ಮದುವೆ. ಇಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು, ವಾರದಲ್ಲಿ ಮೂರು ದಿನ ಶ್ರೀಪಾದನ ಮೀಟಿಂಗು ಊಟದ ಮೇಜಿನಲ್ಲೇ. ಸ್ನಾನಕ್ಕೆ ಬಾಗಿಲು ಹಾಕಿಕೊಂಡರೂ ಇಂದು ಹೊರಗಿನಿಂದ "ಅಮ್ಮಾ, ಮಾದಾ?" ಎನ್ನುತ್ತಾಳೆ. ಇನ್ನೂ ಆಗಿಲ್ವಾ ಎಂದು ಅರ್ಥ. ಆದರೆ ಸರ್, ಯಾವತ್ತೂ ಸಿಗದೇ ಇದ್ದದ್ದರ ಬಗ್ಗೆ ಬರೆಯುವ ಹಕ್ಕು ಸಿಗದವರಿಗೆ ಇಲ್ಲವೆ?

ಅಧ್ಯಾಯ ಬರೆಯಲು ಕೂತರೆ ಆ ಮೂವರ ನಗು ಕೇಳಿಸುತ್ತದೆ. ಆರು ಸಲ ಶುರುಮಾಡಿ ಆರು ಸಲ ಅಳಿಸಿದೆ. ಇನ್ನು ಆರು ತಿಂಗಳಿದೆ. ಏನು ಮಾಡಲಿ ಹೇಳಿ.

ಇನ್ನೂ ಸಿಟ್ಟಿನಲ್ಲೇ ಇರುವ,
ಅಹಲ್ಯಾ


(ಪೋಸ್ಟ್‌ಕಾರ್ಡು)
ಮೈಸೂರು
೬ ನವೆಂಬರ್ ೨೦೨೪

ಅಹಲ್ಯಾ, ಒಂದು ದಿನ ಕಾಡಿಗೆ ಹೋಗು. ಒಬ್ಬಳೇ. ಫೋನ್ ಬೇಡ, ಪುಸ್ತಕ ಬೇಡ, ಬೆಳಗಿನಿಂದ ಸಂಜೆಯವರೆಗೆ. ಬಂದು ಆದದ್ದನ್ನು ಬರೆ. ಅಲ್ಲಿಯವರೆಗೆ ಅಧ್ಯಾಯಕ್ಕೆ ಕೈ ಹಾಕಬೇಡ. ಆ ದಿನ ನಾನು ಹೇಳಿದ ಮಾತು ನನಗೂ ನೆನಪಿದೆ. ನಂ.


ಕಾಶಿವಾ
೨೯ ನವೆಂಬರ್ ೨೦೨೪

ಸರ್,

ಹೋಗಿ ಬಂದೆ. ಪೊಲೀಸರು ಕರೆತಂದರು. ಮೊದಲಿನಿಂದ ಹೇಳುತ್ತೇನೆ.

ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಕೊಂಬುಕುರೊ ಎಂಬ ಕೊಳದ ಸುತ್ತ ಒಂದು ಕಾಡಿದೆ. ಓಕ್ ಮರಗಳು, ಬಿದಿರು, ಮಧ್ಯೆ ಕಾಲುದಾರಿ. ಜರ್ಮನರು ನೋಡಿದರೆ ಇದನ್ನು ತೋಟ ಅಂದಾರು, ನನಗೆ ಇದೇ ಸಾಕು. ಹಿಂದಿನ ದಿನವೇ ಶ್ರೀಪಾದನಿಗೆ "ನಾಳೆ ಪೂರ್ತಿ ನಾನು ಸಿಗಲ್ಲ ಕಣ್ರೀ" ಎಂದೆ. ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ "ಹೂಂ" ಎಂದ. ಆ ಹೂಂ ಯಾವ ಜಾತಿಯದೆಂದು ನನಗೆ ಗೊತ್ತಿರಬೇಕಿತ್ತು.

ಮಂಗಳವಾರ ಪಕ್ಕದ ಮನೆಯ ಓನೊ ಸಾನ್ ಬೀದಿಯ ಸುತ್ತೋಲೆ ಹಲಗೆ ತಂದು ಕೊಡುವ ದಿನ. ಎಪ್ಪತ್ತು ದಾಟಿದ ಹೆಂಗಸು. ಬೆಲ್ ಒತ್ತಿ ಒತ್ತಿ ನನಗಾಗಿ ಕಾಯಬಾರದಲ್ಲ ಎಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ. ನನ್ನದೇ ಜಪಾನಿ ಭಾಷೆ, ಮೂರು ವಾಕ್ಯ: ಕಾಡಿಗೆ ಹೋಗುತ್ತೇನೆ. ಒಬ್ಬಳೇ ಇರಬೇಕೆನಿಸಿದೆ. ದಯವಿಟ್ಟು ಹುಡುಕಬೇಡಿ. ಕೊನೆಯದು 'ಸಾಗಾಸಾನೈದೆ ಕುದಾಸಾಯ್'. ನನ್ನನ್ನು ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ ಎಂಬ ಮರ್ಯಾದೆಯ ಮಾತು ಎಂದುಕೊಂಡೆ. ಬರೆದಾದ ಮೇಲೆ ಎಷ್ಟು ಚೆನ್ನಾಗಿ ಬಂದಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಗಂಟೆ ಕಾಡಿನಲ್ಲಿ ಇರಲೇ ಇಲ್ಲ ಸರ್. ಇಂದು ಪಿ.ಟಿ. ಬಟ್ಟೆ ಒಯ್ದಳೋ ಇಲ್ಲವೋ, ಹೆಪ್ಪು ಹಾಕಿದ ಮೊಸರು ಹುಳಿಯಾಗುತ್ತದೋ ಏನೋ, ಇದೇ ಯೋಚನೆ. ಎರಡನೆಯ ಗಂಟೆ ಹೆದರಿಕೆಯಾಯಿತು. ಯಾವ ಪ್ರಾಣಿಯೂ ಇಲ್ಲ, ಆದರೂ ಹೆದರಿಕೆ. ಯಾರೂ ಕರೆಯದೇ ಇದ್ದರೆ ನಾನು ಏನು ಮಾಡುತ್ತಿರುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಮೂರನೆಯ ಗಂಟೆಗೆ ಒಂದು ಮರಕ್ಕೆ ಒರಗಿ ಕೂತೆ. ಬಿಸಿಲು ಚುರುಕಾಗಿತ್ತು, ಜಾಕೆಟ್ ಬಿಚ್ಚಿ ಚೀಲಕ್ಕೆ ತುರುಕಿದೆ, ಜಡೆಯನ್ನು ಎತ್ತಿ ತುರುಬು ಕಟ್ಟಿದೆ. ಎಲೆ ಉದುರುತ್ತಿದ್ದವು. ನಾನು ಅವನ್ನು ಎಣಿಸಲಿಲ್ಲ, ಹೋಲಿಸಲಿಲ್ಲ, ಟಿಪ್ಪಣಿ ಮಾಡಿಕೊಳ್ಳಲಿಲ್ಲ. ಹಾಗೆ ಎಷ್ಟು ಹೊತ್ತು ಕೂತಿದ್ದೆನೋ. ಅಯ್ಯೋ ಸರ್, ಎಂಥ ಸುಖ ಅದು! ಅದನ್ನು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಆಗ ಪಾಂಜಾಮಾಸ್ತೊ ಮಾತಾಡಿತು. ಊರಿನ ತುಂಬ ಕಂಬಗಳ ಮೇಲೆ ಕಟ್ಟಿರುವ ಧ್ವನಿವರ್ಧಕಗಳಿಗೆ ಇಲ್ಲಿನ ಮಕ್ಕಳು ಇಟ್ಟುಕೊಂಡಿರುವ ಹೆಸರು ಅದು. ಸಂಜೆ ಅದರಲ್ಲಿ ಸಂಗೀತ ಬಂದರೆ ಆಟ ನಿಲ್ಲಿಸಿ ಮನೆಗೆ ಹೋಗಬೇಕು. ಕಂಬದ ಹೆಸರಂತೆ, ಅರ್ಧ ಜರ್ಮನ್ ಪದವೇ. ಭೂಕಂಪವಾದರೂ ಅದೇ ಹೇಳುತ್ತದೆ, ಯಾರಾದರೂ ಕಾಣೆಯಾದರೂ ಅದೇ ಹೇಳುತ್ತದೆ. ಒಂದು ಕಂಬದ ಮಾತಿಗೆ ಇನ್ನೊಂದು ಕಂಬದ ಪ್ರತಿಧ್ವನಿ ಸೇರಿ ನನಗೆ ಅರ್ಧಂಬರ್ಧ ಕೇಳಿಸಿತು: ಒಬ್ಬ ಮಹಿಳೆ ಕಾಣೆಯಾಗಿದ್ದಾರೆ. ವಯಸ್ಸು ಮೂವತ್ತರ ಆಸುಪಾಸು. ಹಸಿರು ಜಾಕೆಟ್. ಸೊಂಟದವರೆಗೆ ಜಡೆ. ಕಾಡಿನ ಕಡೆ ಹೋಗಿದ್ದಾರೆ.

ಪಾಪ, ಯಾರ ಮನೆಯ ಹೆಣ್ಣುಮಗಳೋ ಎಂದುಕೊಂಡೆ. ಇದೇ ಕಾಡಿರಬೇಕು ಎಂದು ತಟ್ಟನೆ ಎದ್ದೆ. ದಾರಿಯಲ್ಲಿ ಹಕ್ಕಿ ನೋಡಲು ಬಂದಿದ್ದ ವಯಸ್ಸಾದ ಗಂಡಹೆಂಡತಿ ಸಿಕ್ಕರು. ಅವರೂ ಹುಡುಕುತ್ತಿದ್ದರು. ಮೂವರೂ ಸೇರಿದೆವು. ಅವರಿಗೆ ಮಂಡಿನೋವು, ಹಾಗಾಗಿ ಕೊಳದ ಅಂಚಿಗೆಲ್ಲ ಇಳಿದು ನೋಡುವ ಕೆಲಸ ನನ್ನದು. "ಒಕುಸಾನ್! ಒಕುಸಾನ್!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಅಮ್ಮಾವ್ರೇ ಎಂದ ಹಾಗೆ. ಮುಕ್ಕಾಲು ಗಂಟೆ ಹುಡುಕಿದೆವು. ನೀರಿನಲ್ಲಿ ಏನೋ ಹಸಿರು ಕಂಡು ಕೋಲಿನಿಂದ ಎಳೆದು ನೋಡಿದೆ. ಪಾಚಿ.

ಕಾಡಿನ ಬಾಗಿಲಲ್ಲಿ ಒಬ್ಬ ಪೊಲೀಸ್ ಹುಡುಗಿ ಓಡಿ ಬಂದಳು. ನಾನೇ ಮುಂದೆ ಹೋಗಿ ಕೇಳಿದೆ, "ಸಿಕ್ಕಿದ್ರಾ ಆ ಹೆಂಗಸು?"

ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಕಾಗದ ನೋಡಿದಳು, ನನ್ನ ಚೀಲದಿಂದ ಹೊರಗೆ ಜೋತು ಬಿದ್ದಿದ್ದ ಹಸಿರು ತೋಳನ್ನು ನೋಡಿದಳು. "ಸುಮಿಮಾಸೆನ್," ಕ್ಷಮಿಸಿ, ಎಂದಳು ಮೆಲ್ಲಗೆ, "ಈಗ ಸಿಕ್ಕಿದ್ರು ಅನ್ಸುತ್ತೆ."

ಮನೆಯ ಮುಂದೆ ಓನೊ ಸಾನ್ ಬರೀ ಕಾಲುಚೀಲದಲ್ಲಿ ನಿಂತು ಅಳುತ್ತಿದ್ದರು. ಶ್ರೀಪಾದ ಲ್ಯಾಬಿನ ಗುರುತುಚೀಟಿ ಕೊರಳಲ್ಲೇ ಇಟ್ಟುಕೊಂಡು ಓಡಿ ಬಂದಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ. "ಏನಾಯ್ತೇ ನಿಂಗೆ? ನಂಗೊಂದ್ ಮಾತು ಹೇಳ್ಬಾರ್ದಾ?" ಎಂದ. "ಹೇಳ್ದೆ, ಹೂಂ ಅಂದ್ರಿ" ಎಂದೆ. ಇಂದು ಚೀಟಿಯನ್ನು ಎತ್ತಿ ಹಿಡಿದು, ಹೀಗೆ ಬರೆಯಲೇಬಾರದು ಎಂದು ತನ್ನ ಭಾಷೆಯಲ್ಲಿ ಚೀರಿದಳು: "ಅಮ್ಮಾ, ನೋ! ಇದು ದಾಮೆ! ದಟ್ಸ್ ವಾಟ್ ಪೀಪಲ್ ರೈಟ್ ವೆನ್ ದೇ ಆರ್ ನೆವರ್ ಕಮಿಂಗ್ ಬ್ಯಾಕ್!"

ನನ್ನ ಮರ್ಯಾದೆಯ ಮಾತು ಈ ಭಾಷೆಯಲ್ಲಿ ಮನೆ ಬಿಟ್ಟು ಹೋಗುವವರು, ಜೀವ ಬಿಡಲು ಹೋಗುವವರು ಬರೆದಿಡುವ ಮಾತಂತೆ. ನಾನು ನೆಲದ ಮೇಲೆ ಕೂತು ಓನೊ ಸಾನ್ ಕಾಲು ಮುಟ್ಟಿದೆ. ಇಲ್ಲಿ ಹಾಗೆ ಮಾಡುವ ಪದ್ಧತಿ ಇಲ್ಲ, ಅವರಿಗೆ ಇನ್ನೂ ಗಾಬರಿಯಾಯಿತು. ಅಷ್ಟರಲ್ಲಿ ಕಂಬ ಮತ್ತೆ ಮಾತಾಡಿತು: ಕಾಣೆಯಾಗಿದ್ದ ಮಹಿಳೆ ಸುರಕ್ಷಿತವಾಗಿ ಸಿಕ್ಕಿದ್ದಾರೆ, ಎಲ್ಲರಿಗೂ ಧನ್ಯವಾದ. ಸರ್, ಕಾಡಿಗೆ ಹೋಗಿ ತನ್ನನ್ನು ತಾನು ಹುಡುಕಿಕೊಂಡ ಜರ್ಮನರು ನೂರಾರು ಜನ. ಸಿಕ್ಕಿದ ಸುದ್ದಿಯನ್ನು ಇಡೀ ಊರಿಗೆ ಮೈಕಿನಲ್ಲಿ ಸಾರಿಸಿಕೊಂಡವಳು ನಾನೊಬ್ಬಳೇ ಇರಬೇಕು.

ಆಮೇಲೆ ಒಂದು ವಿಷಯ ಹೊಳೆಯಿತು, ಅದು ನಗುವ ವಿಷಯವಲ್ಲ. ಪೊಲೀಸರ ಕಾಗದದಲ್ಲಿ ನನ್ನ ಮುಖದ ವರ್ಣನೆಯೇ ಇರಲಿಲ್ಲ. ಜಡೆ, ಜಾಕೆಟ್, ಚೀಲ, ನಡಿಗೆ. ಯಾಕೆಂದರೆ ಬೆಳಗ್ಗೆ ಓನೊ ಸಾನ್ ಮಹಡಿಯಿಂದ ನೋಡಿದ್ದು ನಾನು ಹೋಗುವುದನ್ನು, ನನ್ನ ಬೆನ್ನನ್ನು. ನನ್ನ ಪ್ರಬಂಧದಲ್ಲಿ ಬರುವ ಜರ್ಮನ್ ವರ್ಣಚಿತ್ರಗಳಲ್ಲೂ ಆ ಒಂಟಿ ಮನುಷ್ಯ ಬೆಟ್ಟದ ತುದಿಯಲ್ಲಿ ನಮಗೆ ಬೆನ್ನು ಹಾಕಿ ನಿಂತಿರುತ್ತಾನಲ್ಲ. ಲೋಕದಲ್ಲಿ ತಾನೊಬ್ಬನೇ ಎಂಬ ಹಾಗೆ. ಹತ್ತು ವರ್ಷ ಆ ಚಿತ್ರಗಳನ್ನು ನೋಡಿದ್ದೇನೆ. ಅವನ ಹಿಂದೆ ಯಾರೋ ನಿಂತಿದ್ದಾರೆ, ಅದಕ್ಕೇ ಆ ಬೆನ್ನು ಚಿತ್ರವಾಗಿದೆ ಎಂದು ನನಗೆ ಹೊಳೆದೇ ಇರಲಿಲ್ಲ. ಅವನಿಗೆ ಬುತ್ತಿ ಕಟ್ಟಿಕೊಟ್ಟವರು ಯಾರು? ಅವನು ಬರುವವರೆಗೆ ಮನೆ ನೋಡಿಕೊಂಡವರು ಯಾರು? ಅವನ ಏಕಾಂತವನ್ನು ಯಾರೋ ಹಿಂದೆ ನಿಂತು ಕಾಯುತ್ತಿದ್ದರು ಸರ್.

ನಾಳೆಯಿಂದ ಬರೆಯಲು ಕೂರುತ್ತೇನೆ. ಆ ಮೂವರ ನಗು ಈಗ ಕೇಳಿಸುತ್ತಿಲ್ಲ.

ಕಾಣೆಯಾಗಿ ಸಿಕ್ಕಿದ,
ಅಹಲ್ಯಾ


ಮೈಸೂರು
೪ ಜನವರಿ ೨೦೨೫

ಅಹಲ್ಯಾ ಮರಿ,

ನಾನು ಕಾಮಾಕ್ಷಿ. ನಿಮ್ಮ ಸರ್‌ಗೆ ಕಣ್ಣಿನ ಪೊರೆ ತೆಗೆದಿದ್ದಾರೆ, ಓದಬಾರದು ಅಂತ ಡಾಕ್ಟರು ಹೇಳಿದ್ದಾರೆ. ನಿನ್ನ ಕಾಗದ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಪಾಚಿ ಅಂತ ಬಂದಾಗ ಎಷ್ಟು ನಕ್ಕರು ಅಂದರೆ, ಕಣ್ಣಿಗೆ ತೊಂದರೆ ಆದೀತು ಅಂತ ಓದುವುದನ್ನು ನಿಲ್ಲಿಸಬೇಕಾಯಿತು. ಬೆನ್ನಿನ ಮಾತು ಬಂದಾಗ ಅದನ್ನು ಮೂರು ಸಲ ಓದಿಸಿದರು. ಆಮೇಲೆ ಎರಡು ದಿನ ಮನೆಯಲ್ಲಿ ಯಾರ ಮೇಲೂ ರೇಗಲಿಲ್ಲ. ಮೈ ಸರಿಯಿಲ್ಲವೇನೋ ಅಂತ ನಾನು ಜ್ವರ ನೋಡಿದೆ.

ನಿನಗೆ ಒಂದು ಗುಟ್ಟು ಹೇಳುತ್ತೇನೆ. ಮೊನ್ನೆ ಮಧ್ಯಾಹ್ನ ನಾನು ದೇವರಮನೆಗೆ ಹೋಗಿ ಚಿಲಕ ಹಾಕಿಕೊಂಡೆ. ಪೂಜೆಗಲ್ಲ. ಸುಮ್ಮನೆ ಕೂತೆ. ಮದುವೆಯಾಗಿ ನಲವತ್ತು ವರ್ಷ ಮೇಲಾಯಿತು, ಹಾಗೆ ಕೂತದ್ದು ಅದೇ ಮೊದಲು. ಇವರು ಹೊರಗಿನಿಂದ "ಕಾಫಿ, ಕಾಫಿ" ಅಂದರು. ನಾನು ಅರ್ಧ ಗಂಟೆ ಎದ್ದು ಬರಲಿಲ್ಲ. ಬಂದು ನೋಡಿದರೆ ತಾವೇ ಮಾಡಿಕೊಂಡು ಕುಡಿಯುತ್ತಿದ್ದರು, ನನಗೂ ಒಂದು ಲೋಟ ಮುಚ್ಚಿಟ್ಟಿದ್ದರು. ಡಿಕಾಕ್ಷನ್ ನೀರಾಗಿತ್ತು. ಕುಡಿದೆ.

ಬೇಗ ಬರೆದು ಮುಗಿಸು ಮಗಳೆ.

ಕಾಮಾಕ್ಷಿ


ಕಾಶಿವಾ
೧೦ ಫೆಬ್ರವರಿ ೨೦೨೫

ಸರ್,

ನಾಲ್ಕನೆಯ ಅಧ್ಯಾಯ ಇದರ ಜೊತೆಗಿದೆ. ಅರವತ್ತೆರಡು ಪುಟ. ಕಣ್ಣು ಪೂರ್ತಿ ವಾಸಿಯಾದ ಮೇಲೆ ಓದಿ, ಅವಸರವಿದ್ದರೂ ಅವಸರ ಬೇಡ.

ಮಗಳು ಶಾಲೆಗೆ, ಶ್ರೀಪಾದ ಲ್ಯಾಬಿಗೆ ಹೋದ ಮೇಲೆ ಓನೊ ಸಾನ್ ತಮ್ಮ ಮನೆಯ ಮಹಡಿಯ ಖಾಲಿ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಹತ್ತು ಗಂಟೆಗೆ ಒಳಗೆ ಹೋದರೆ ಎರಡೂವರೆಗೆ ಹೊರಗೆ. ಅವರು ಮಧ್ಯೆ ಒಮ್ಮೆಯೂ ಬಾಗಿಲು ತೆಗೆಯಲಿಲ್ಲ. ಹೊರಗೆ ಚಹಾ ಇಟ್ಟು ಮೆಲ್ಲಗೆ ಕೆಮ್ಮಿ ಹೋಗುತ್ತಿದ್ದರು.

ನಾನು ಬರೆದದ್ದು ಇಷ್ಟು. ಜರ್ಮನರಿಗೆ ಕಾಡು ಬರೀ ಮರಗಳಲ್ಲ, ತಮ್ಮೊಳಗಿನದೇ ಒಂದು ಕೋಣೆ. ಅಲ್ಲಿ ಒಬ್ಬನೇ ಹೋದವನಿಗೆ ತಾನು ಯಾರೆಂದು ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಆ ನಂಬಿಕೆ ದೊಡ್ಡದು, ಚೆಲುವಾದದ್ದು, ಅದನ್ನು ನಾನು ಎಲ್ಲೂ ಹಗುರಮಾಡಿಲ್ಲ. ಈ ಕಾಡು ನನ್ನದು ಎಂಬ ಮಾತು ಒಂದು ಕಾಲದಲ್ಲಿ ನೀನು ಹೊರಗಿನವನು, ನಡೆ ಆಚೆ ಎಂಬ ಮಾತಾಗಿ ತಿರುಗಿದ್ದನ್ನೂ ಬರೆದಿದ್ದೇನೆ. ಕೊನೆಗೆ ನನ್ನ ಪ್ರಶ್ನೆ: ಈ ಏಕಾಂತ ಯಾರಿಗೆ ಸಿಕ್ಕಿತು, ಯಾರು ಅದನ್ನು ಕಾದುಕೊಟ್ಟರು? ಅದನ್ನು ಕೇಳಲು ಒಂದು ಗಂಟೆಯೂ ಒಬ್ಬಳೇ ಇರದವಳೇ ಬೇಕಾಯಿತು. ನೀವು ನನ್ನ ಕೊರತೆ ಅಂದದ್ದನ್ನು ನಾನು ಅಧ್ಯಾಯದ ಅಡಿಪಾಯ ಮಾಡಿಕೊಂಡಿದ್ದೇನೆ.

ಇನ್ನೊಂದು ಮಾತು. 'ಕಾಡೇಕಾಂತ'ವನ್ನು ತಿದ್ದಿಲ್ಲ. ಹನ್ನೊಂದು ಕಡೆ ಇದ್ದದ್ದು ಈಗ ಮೂವತ್ತನಾಲ್ಕು ಕಡೆ ಇದೆ. ಕಾಡು ನಮ್ಮ ಪದ, ನನ್ನ ಅಜ್ಜಿ ಸೌದೆಗೆ ಹೋದದ್ದು ಕಾಡಿಗೆ, ವನಕ್ಕಲ್ಲ. ಏಕಾಂತ ನನಗೆ ಹುಟ್ಟಿನಿಂದ ಬಂದದ್ದಲ್ಲ, ಎರವಲು ತಂದದ್ದು. ಎರಡನ್ನೂ ಸೇರಿಸಿದರೆ ಹೊಂದುವುದಿಲ್ಲ ಎಂದು ನನಗೂ ಗೊತ್ತು. ನನ್ನ ಬದುಕಿನಲ್ಲೂ ಅವೆರಡೂ ಹೊಂದಿರಲಿಲ್ಲ. 'ವನೈಕಾಂತ' ಎಂದರೆ ವ್ಯಾಕರಣ ಸರಿ, ಸುಳ್ಳು ಹೇಳಿದ ಹಾಗಾಗುತ್ತದೆ. ಈ ಒಂದು ಪದಕ್ಕೆ ಸಹಿ ತಪ್ಪಿದರೂ ಸರಿ, ನಾನು ಬದಲಾಯಿಸುವುದಿಲ್ಲ.

ಹಟ ಬಿಡದ,
ಅಹಲ್ಯಾ


ಮೈಸೂರು
೯ ಮಾರ್ಚ್ ೨೦೨೫

ಅಹಲ್ಯಾ,

ಎರಡು ಸಲ ಓದಿದೆ. ಒಂದು ಸಲ ಕೆಂಪು ಪೆನ್ನು ಹಿಡಿದು, ಒಂದು ಸಲ ಬರಿಗೈಯಲ್ಲಿ.

ನಿನಗೆ ಹೇಳಬೇಕಾದದ್ದೊಂದು ಇದೆ. ಎಪ್ಪತ್ತೊಂಬತ್ತರಿಂದ ನಾನು ಹದಿನೆಂಟು ತಿಂಗಳು ಫ್ರೈಬುರ್ಗಿನಲ್ಲಿದ್ದೆ. ನಿಮಗೆಲ್ಲ ಪಾಠದಲ್ಲಿ ಹೇಳುತ್ತಿದ್ದೆನಲ್ಲ, ಕಪ್ಪುಕಾಡಿನ ದಾರಿ, ಅಲ್ಲಿನ ಮಂಜು, ಅಲ್ಲಿ ಮನುಷ್ಯನಿಗೆ ತನ್ನ ಹೆಜ್ಜೆಯ ಸದ್ದು ಹೇಗೆ ಕೇಳುತ್ತದೆ ಎಂದು. ಅದೆಲ್ಲ ಪುಸ್ತಕದ್ದು. ಟ್ರಾಮಿನ ಕೊನೆಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಕಾಡು. ಪ್ರತಿ ಭಾನುವಾರ ಇಳಿಯುತ್ತಿದ್ದೆ. ಬೆಂಚಿನ ಮೇಲೆ ಕೂತು ಅದನ್ನು ನೋಡಿ, ಅದೇ ಟ್ರಾಮಿನಲ್ಲಿ ವಾಪಸು ಬರುತ್ತಿದ್ದೆ. ಒಬ್ಬನೇ ಒಳಗೆ ಹೋಗಲು ನನಗೆ ಹೆದರಿಕೆ. ಹದಿನೆಂಟು ತಿಂಗಳಲ್ಲಿ ಒಂದು ದಿನವೂ ಹೋಗಲಿಲ್ಲ. ಊರಿಗೆ ಬಂದು ನಿವೃತ್ತನಾಗುವವರೆಗೆ ಅದನ್ನೇ ಪಾಠ ಮಾಡಿದೆ.

ಆ ದಿನ ನಿನಗೆ ಆಡಿದ ಮಾತು ನನಗೆ ನಾನು ಹೇಳಿಕೊಳ್ಳಬೇಕಾಗಿದ್ದ ಮಾತು. ಮೂವರ ಮುಂದೆ ನಿನ್ನ ಮೇಲೆ ಎಸೆದೆ. ನೀನು ಹೋದ ಮೇಲೆ ತಪ್ಪಾಯಿತು ಎಂದು ಬರೆಯಲು ಕೂತೆ. ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಅಹಲ್ಯಾ. ತಪ್ಪಾಯಿತು.

ನಾನು ಹೋಗದ ಕಾಡಿಗೆ ನೀನು ಹೋಗಿ ಬಂದೆ. ಇದು ನನ್ನ ಕೈಕೆಳಗೆ ಬಂದ ಎಲ್ಲ ಪ್ರಬಂಧಗಳಲ್ಲಿ ಮೊದಲ ಸ್ಥಾನದ್ದು. ಇದನ್ನು ಹೇಳಲು ನನಗೆ ಹೊಟ್ಟೆಕಿಚ್ಚಾಗುತ್ತಿದೆ, ಆದರೂ ಹೇಳುತ್ತಿದ್ದೇನೆ. ಒಪ್ಪಿಗೆ ಪತ್ರ ಜೊತೆಗಿದೆ, ಸಹಿ ಮೂರು ಕಡೆ ಹಾಕಿದ್ದೇನೆ. ಪುಟ ೪೧ರಲ್ಲಿ ಒಂದು ಅಲ್ಪಪ್ರಾಣ ತಪ್ಪಿದೆ, ತಿದ್ದಿಕೋ. ಕಾಡೇಕಾಂತ ಹಾಗೇ ಇರಲಿ. ಅದು ಅರಿಸಮಾಸವೇ, ಆ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಆದರೆ ಅದೇ ಸರಿಯಾದ ಪದ.

ನಿನ್ನಿಂದ ಕಲಿತ,
ನಂಜುಂಡಸ್ವಾಮಿ


ಕಾಶಿವಾ
೧೬ ಅಕ್ಟೋಬರ್ ೨೦೨೫

ಸರ್, ಕಾಮಾಕ್ಷಮ್ಮ, ಇಬ್ಬರಿಗೂ,

ನಿನ್ನೆಯ ಮೌಖಿಕ ಪರೀಕ್ಷೆಯಲ್ಲಿ ಸರ್ ಪರದೆಯ ಆ ಬದಿಯಲ್ಲೇ ಇದ್ದರು, ಎಲ್ಲ ನೋಡಿದ್ದಾರೆ. ಆದರೆ ಕಾಮಾಕ್ಷಮ್ಮನಿಗೆ ಸರ್ ಎರಡು ಮಾತಿನಲ್ಲಿ ಮುಗಿಸಿರುತ್ತಾರೆ. ಈ ಬದಿಯಲ್ಲಿ ಆದದ್ದು ಸರ್‌ಗೂ ಗೊತ್ತಿಲ್ಲ. ಅದಕ್ಕೆ ಈ ಕಾಗದ.

ನಮ್ಮಲ್ಲಿ ಮಧ್ಯಾಹ್ನ ಎರಡೂವರೆ, ನಾನು ನಮ್ಮ ಮನೆಯ ಒಳಕೋಣೆಯಲ್ಲಿ. ಪರೀಕ್ಷಕರಾದ ಮಾಲತಿ ಮೇಡಂ ಮೊದಲು ಕೇಳಿದ್ದೇ, "ಕೋಣೆಯಲ್ಲಿ ನಿಮ್ಮ ಜೊತೆ ಯಾರಿದ್ದಾರೆ? ರೂಲ್ಸ್ ಪ್ರಕಾರ ಅಭ್ಯರ್ಥಿ ಒಬ್ಬರೇ ಇರ್ಬೇಕು. ಕ್ಯಾಮೆರಾ ಒಂದ್ ಸುತ್ತು ತಿರುಗಿಸಿ." ತಿರುಗಿಸಿದೆ. ಗೋಡೆ, ಕಿಟಕಿ, ಮುಚ್ಚಿದ ಬಾಗಿಲು. "ಒಬ್ಬಳೇ ಇದ್ದೀನಿ ಮೇಡಂ" ಎಂದೆ. ಆ ಮಾತು ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದು ಅವರಿಗೆ ಹೇಗೆ ಗೊತ್ತಾಗಬೇಕು!

ಒಂದೂಕಾಲು ಗಂಟೆ ಕೇಳಿದರು. ಬೆನ್ನಿನ ವಾದವನ್ನು ಮೂರು ಕಡೆಯಿಂದ ಅಲ್ಲಾಡಿಸಿ ನೋಡಿದರು. ಚಿತ್ರಕಾರ ಹಿಂದೆ ನಿಂತಿದ್ದರೆ ಆ ಮನುಷ್ಯ ಒಂಟಿ ಎನ್ನುವುದೇ ಸುಳ್ಳಾಗುವುದಿಲ್ಲವೇ ಎಂದರು. ಸುಳ್ಳಾಗುವುದಿಲ್ಲ, ಅದು ಇನ್ನೊಬ್ಬರು ಕಾದುಕೊಟ್ಟ ಒಂಟಿತನ, ಕಾದವರ ಹೆಸರು ಬರೆಯುವುದು ಮಾತ್ರ ಉಳಿದುಹೋಗಿದೆ ಎಂದೆ. ಅವರು ಅದನ್ನು ಬರೆದುಕೊಂಡರು. ಆಮೇಲೆ ಬಂತು ನಾನು ಕಾಯುತ್ತಿದ್ದ ಪ್ರಶ್ನೆ: "ಕಾಡೇಕಾಂತ ಅಂತ ಶೀರ್ಷಿಕೆಯಲ್ಲೇ ಇದೆಯಲ್ಲ, ಇದು ಅರಿಸಮಾಸ. ಗೈಡು ಗಮನಿಸ್ಲಿಲ್ವಾ?" ನಾನು ಬಾಯಿ ತೆರೆಯುವ ಮೊದಲೇ ಸರ್ ಗುಡುಗಿದರು: "ಗಮನಿಸಿದೀನಮ್ಮ, ಹತ್ತು ವರ್ಷದಿಂದ ಗಮನಿಸ್ತಿದೀನಿ. ಅವಳು ಹೇಳೋದನ್ನ ಕೇಳಿ!" ಮಾರ್ಗದರ್ಶಕರು ನಡುವೆ ಮಾತಾಡಬಾರದು ಎಂದು ಪರೀಕ್ಷಾ ಸಮಿತಿಯ ಅಧ್ಯಕ್ಷರು ನೆನಪಿಸಬೇಕಾಯಿತು. ನಾನು ಹೇಳಿದೆ. ಮಾಲತಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಸರಿ, ಇರ್ಲಿ ಬಿಡಿ" ಎಂದರು.

ಪ್ರಬಂಧವನ್ನು ಅಂಗೀಕರಿಸಲಾಗಿದೆ, ಒಂದು ತಿದ್ದುಪಡಿಯೂ ಇಲ್ಲದೆ, ಎಂದು ಅಧ್ಯಕ್ಷರು ಓದಿದರು. ಅಭಿನಂದನೆ ಡಾಕ್ಟರ್ ಅಹಲ್ಯಾ ಎಂದರು. ಸರ್ ಎದ್ದು ನಿಂತಿದ್ದರಿಂದ ನನಗೆ ಅವರ ಅಂಗಿಯ ಗುಂಡಿ ಮಾತ್ರ ಕಾಣುತ್ತಿತ್ತು. ಪರದೆ ಕಪ್ಪಾಯಿತು.

ಇನ್ನು ಈ ಬದಿಯದು. ಬಾಗಿಲ ಹೊರಗೆ ಶ್ರೀಪಾದ ಲ್ಯಾಬಿಗೆ ರಜೆ ಹಾಕಿ ಒಂದೂಮುಕ್ಕಾಲಿನಿಂದ ಸ್ಟೂಲ್ ಹಾಕಿಕೊಂಡು ಕೂತಿದ್ದ. ಇಂದು ಶಾಲೆಯಿಂದ ಬಂದವಳು ಬೂಟು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಒಳಗೆ ಬಂದಿದ್ದಳಂತೆ. ಕೊರಿಯರಿನವನು ಬೆಲ್ ಒತ್ತಲು ಬಂದರೆ 'ಶ್!' ಎಂದು ಮೆಟ್ಟಿಲಲ್ಲೇ ತಡೆದಳಂತೆ. ಒಳಗಿನ ಮಾತು ನಿಂತದ್ದು ಕೇಳಿ ಶ್ರೀಪಾದ ಮೆಲ್ಲಗೆ ಬಾಗಿಲು ತಟ್ಟಿದ. "ಏನಾಯ್ತೇ? ಬರ್ಲಾ ಒಳಗೆ?"

"ಆಯ್ತು ಕಣ್ರೀ, ಗೆದ್ದೆ!" ಎಂದು ಕೂಗಿದೆ. ಹೊರಗೆ ಇಂದು ಕುಣಿಯುವ ಸದ್ದು. ಬಾಗಿಲ ಹಿಡಿ ತಿರುಗಿತು.

"ಇನ್ನೂ ಬರಬೇಡಿ," ಎಂದೆ. "ಹತ್ತು ನಿಮಿಷ."

ಹಿಡಿ ನಿಂತಿತು. "ಯಾಕೆ?" ಎಂದಳು ಇಂದು. ಶ್ರೀಪಾದ ಅವಳಿಗೆ ಕನ್ನಡದಲ್ಲೇ ಹೇಳುವುದು ಕೇಳಿಸಿತು: "ಅಮ್ಮ ಒಬ್ಬಳೇ ಇದ್ದಾಳೆ ಪುಟ್ಟಿ. ಇರ್ಲಿ ಬಿಡು." ಆಮೇಲೆ ಸ್ಟೂಲು ಮತ್ತೆ ಬಾಗಿಲ ಮುಂದೆ ಎಳೆದ ಸದ್ದು.

ನಾನು ಕುರ್ಚಿಗೆ ಒರಗಿ ಕೂತೆ. ಹತ್ತು ನಿಮಿಷ ಪೂರ್ತಿ ಕೂತೆ.

ನಿಮ್ಮ,
ಡಾ. ಅಹಲ್ಯಾ